ಖಾಲಿ ತೂಕ

ತುಂಬಿದ ಲಾರಿಯನ್ನೊಮ್ಮೆ, ಖಾಲಿ ಲಾರಿಯನ್ನೊಮ್ಮೆ.
ಅದರಲ್ಲಿ ಇದನ್ನು ಕಳೆದರೆ ಕಬ್ಬು.
ಹತ್ತೊಂಬತ್ತು ವರ್ಷದಿಂದ ನನಗೆ ಇದೇ ಲೆಕ್ಕ
ಮಂಡ್ಯದ ಕಾರ್ಖಾನೆ ಗೇಟಿನಲ್ಲಿ, ತೂಕದ ಮನೆಯ ಕಿಟಕಿಯಲ್ಲಿ.
'ಮಾದೇವಕ್ಕಾ, ಸರಿಯಾಗಿ ನೋಡಕ್ಕಾ'
ಎನ್ನದೆ ಇಳಿದ ಡ್ರೈವರಿಲ್ಲ.

ಮೈಸೂರಿನ ಡಾಕ್ಟರು ನನ್ನ ರಕ್ತ ತೂಗಿಸಿದರು.
ಒಂದು ಪಾಯಿಂಟ್ ನಾಲ್ಕು ಗ್ರಾಂ, ಅಂದರು,
ಇರಬಾರದ ಒಂದು ಪ್ರೋಟೀನು.
ಕ್ಯಾನ್ಸರ್ರಾ? ಅಲ್ಲ.
ಮುಂದೆ? ಆಗಬಹುದು,
ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ.
ಔಷಧಿ? ಇಲ್ಲ.
ಮತ್ತೆ? ಆರು ತಿಂಗಳಿಗೊಮ್ಮೆ ಬನ್ನಿ.

ಸಾಲಲ್ಲಿ ನಿಂತ ಎತ್ತಿನ ಗಾಡಿಗೂ ನಾವು ಚೀಟಿ ಕೊಡುತ್ತೇವೆ
ನಿನ್ನ ಸರದಿ ಇಷ್ಟನೆಯದು ಅಂತ.
ಇಲ್ಲಿ ಚೀಟಿ ಇತ್ತು, ನಂಬರಿರಲಿಲ್ಲ.

ರೈಲಿಳಿದು ಮನೆಗೆ ಬರುವಷ್ಟರಲ್ಲಿ ಸುದ್ದಿ ಬೆಂದಿತ್ತು.
'ಪ್ರೋಟೀನು ಜಾಸ್ತಿಯಾಗದಂತೆ ಅವಳ್ಗೆ' ಎಂದು ಅತ್ತೆ
ಹುರುಳಿ ಡಬ್ಬ ಅಟ್ಟಕ್ಕೇರಿಸಿದರು.
ಸೊಗಡಿನ ಅವರೆ ಬಂದ ಕಾಲ,
ಬೀದಿಗೆಲ್ಲ ಹಿತಕಿದ ಬೇಳೆ ಘಮಲು,
ನನ್ನ ತಟ್ಟೆಗೆ ಮಾತ್ರ ತಿಳಿಸಾರು.

ನಾದಿನಿ ಸುಧಾಮಣಿ ನೂರಡಿ ರಸ್ತೆಯಿಂದ
ಚೀಲ ತುಂಬ ಡಬ್ಬಿ ತಂದಳು.
ಗೋಧಿ ಹುಲ್ಲಿನ ಪುಡಿ, ನುಗ್ಗೆ ಮಾತ್ರೆ,
ಹಸಿರು ಟೀಯ ಸತ್ವ,
ಒಂದಕ್ಕೆ ಮೂವತ್ತೆಂಟು ರೂಪಾಯಿನ ಅರಿಶಿನದ ಕ್ಯಾಪ್ಸೂಲು.
ಅರಿಶಿನ!
ಕೆನ್ನೆಗೆ, ಹೊಸಲಿಗೆ, ಸಾರಿಗೆ, ಮಗುವಿನ ಬಿದ್ದ ಮಂಡಿಗೆ
ನಾನು ಬಳಿದದ್ದೇ ಎರಡು ಮೂಟೆ ಇದ್ದೀತು.
ಈಗ ಅದು ಅಂಗಿ ತೊಟ್ಟುಕೊಂಡು ಬಂದು
ನನಗೆ ಗುರುತೇ ಸಿಗಲಿಲ್ಲ.

ಎಲ್ಲವನ್ನೂ ಡಾಕ್ಟರ ಮೇಜಿಗೆ ಸುರಿದೆ.
ಒಂದೊಂದನ್ನೂ ತಿರುವಿ ನೋಡಿದರು,
ನಾನು ಪರ್ಮಿಟ್ಟು ತಿರುವಿ ನೋಡುವ ಹಾಗೆ.
ವಾರಕ್ಕೊಂದರ ವಿಟಮಿನ್ ಡಿ ಈಚೆಗಿಟ್ಟರು,
ಅದು ಅವರೇ ಬರೆದದ್ದು.
ಉಳಿದವಕ್ಕೆ 'ಗೊತ್ತಿಲ್ಲ' ಅಂದರು,
'ಇವುಗಳಿಂದ ಲಿವರ್ ಕೆಡಿಸಿಕೊಂಡು ಬಂದವರನ್ನು ಕಂಡಿದ್ದೇನೆ.'
ಅಷ್ಟು ದಿನದಲ್ಲಿ ಗೊತ್ತಿಲ್ಲ ಅಂದ ಮೊದಲನೇ ಮನುಷ್ಯ.
ಅಲ್ಲೇ ನಂಬಿಕೆ ಹುಟ್ಟಿತು.
'ಬೇಳೆ ಕಾಳು ತಿನ್ನಿ, ತಟ್ಟೆಯ ಪ್ರೋಟೀನೇ ಬೇರೆ, ಇದೇ ಬೇರೆ.
ತೂಕ ಮಾತ್ರ ಸ್ವಲ್ಪ ಇಳಿಸಿ.'
ಬಾಗಿಲ ತನಕ ಬಂದವಳನ್ನು ಮತ್ತೆ ಕರೆದು,
'ತಾನಾಗಿ ಇಳಿದರೆ ತಕ್ಷಣ ಬನ್ನಿ.'

ಇಳಿಸುವುದು ನಾನು.
ಇಳಿಯುವುದು ಅದು.
ನಡುವೆ ಒಂದೇ ಒಂದು 'ಸು'.

ಎರಡು ಮುದ್ದೆ ಒಂದಾಯಿತು.
ಬೆಳಿಗ್ಗೆ ನಾಲೆ ಏರಿಯ ಮೇಲೆ ಸೇತುವೆವರೆಗೆ ನಡೆದೆ.
ಯುಗಾದಿ ಹೊತ್ತಿಗೆ ನಾಲ್ಕು ಕಿಲೊ ಹೋಗಿತ್ತು,
ರವಿಕೆ ತೋಳು ಸಡಿಲ.
'ನಮ್ ಪುಡಿ ನೋಡಿ!' ಸುಧಾಮಣಿ.
ಸೀಲು ಒಡೆಯದ ಡಬ್ಬಿ ಬೀರುವಿನೊಳಗೆ.
ಅತ್ತೆ ಮಾತಾಡಲಿಲ್ಲ, ಉಪ್ಪು ಮೆಣಸಿನಕಾಯಿ ನಿವಾಳಿಸಿದರು.
ನಾಲ್ಕರಲ್ಲಿ ನಾನು ಇಳಿಸಿದ್ದೆಷ್ಟು,
ತಾನಾಗಿ ಇಳಿದದ್ದೆಷ್ಟು?
ಲೆಕ್ಕದವಳು ನಾನು, ನನಗೇ ಬಗೆಹರಿಯಲಿಲ್ಲ.

ಕೊನೆ ಲಾರಿ ಹೋದ ಮೇಲೆ, ರಾತ್ರಿ ಎರಡಕ್ಕೆ,
ಯಂತ್ರವನ್ನು ಸೊನ್ನೆಗೆ ತಂದು
ಚಪ್ಪಲಿ ಬಿಟ್ಟು ಕಬ್ಬಿಣದ ಹಲಗೆ ಮೇಲೆ ನಿಂತೆ.
ಎಂಬತ್ತು.
ರಿಪೋರ್ಟು ಬಂದ ವಾರವೂ ಹೀಗೇ ಕಳ್ಳಿಯಂತೆ ನಿಂತಿದ್ದೆ.
ಅವತ್ತೂ ಎಂಬತ್ತು.
ಹತ್ತರ ಒಳಗಿನದು ಅದರ ಕಣ್ಣಿಗೆ ಬೀಳುವುದಿಲ್ಲ,
ಮೂವತ್ತು ಟನ್ನು ಹೊರುವ ಹಲಗೆಗೆ
ನನ್ನ ನಾಲ್ಕು ಕಿಲೊ
ಯಾರೋ ಎಸೆದ ಎರಡು ಜಲ್ಲೆ.

ತಣ್ಣಗಿತ್ತು ಕಬ್ಬಿಣ. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.
ಒಳಬಂದು ಚೀಟಿಯನ್ನೂ ಹರಿದೆ, ಅಭ್ಯಾಸ.
ತುಂಬಿದ ತೂಕ: ಎಂಬತ್ತು.
ಖಾಲಿ ತೂಕದ ಮುಂದೆ ಗೆರೆ ಮಾತ್ರ,
ಹೊರೆ ಇಳಿಸಿ ಬರುವ ತನಕ ಅಲ್ಲಿ ಬರೆಯುವಂತಿಲ್ಲ.

ಆಮೇಲೆ ಡಬ್ಬಿ ತೆಗೆದೆ.
ಹುರುಳಿ ಬಸ್ಸಾರು, ಒಂದು ಮುದ್ದೆ,
ಸೊಪ್ಪಿನ ಪಲ್ಯದ ಅಡಿಯಲ್ಲಿ ನನಗೆ ಕಾಣದಂತೆ
ಇನ್ನರ್ಧ ಮುದ್ದೆ.
ಅತ್ತೆ!

ತಿಂದೆ.
ಗೇಟಿನಲ್ಲಿ ಟ್ರ್ಯಾಕ್ಟರು ಹಾರ್ನು ಮಾಡುತ್ತಿತ್ತು.