ಆಯ್ತು

ಶಿಡ್ಲಘಟ್ಟದಲ್ಲಿ, ಗೂಡಿನ ಮಾರುಕಟ್ಟೆ ಹಿಂದಿನ ಬೀದಿ.
ಚಲಪತಿಯ ಮೊಬೈಲ್ ಅಂಗಡಿಯ ಅಟ್ಟದಲ್ಲಿ
ನಾವಿಬ್ಬರು ಒಂದು ಆ್ಯಪ್ ಕಟ್ಟುತ್ತಿದ್ದೆವು.
ಅವನದು ಕೋಡು, ನನ್ನದು ಮಾತು.
ಸಂಪು ತೊಳೆಯಬೇಕು, ಫಿಲ್ಟರಿನ ಕ್ಯಾಂಡಲ್ ಬದಲಿಸಬೇಕು,
ಗೀಸರಿನ ಕಾಯಿಲ್‌ಗೆ ಸುಣ್ಣ ಕಟ್ಟಿರುತ್ತದೆ,
ಗ್ಯಾಸಿನ ಕಿತ್ತಳೆ ಪೈಪಿಗೆ ಐದೇ ವರ್ಷ ಆಯುಸ್ಸು
ಎಂದೆಲ್ಲ ಮನೆಯ ಪರವಾಗಿ
ಮನೆಯವರಿಗೆ ಹೇಳುವ ಮಾತು.

ಫೋನಿನಲ್ಲಿ ಜಾಗಕ್ಕೆ ಬರವಿಲ್ಲ.
ಕೈಗಡಿಯಾರದ ದುಂಡು ಮುಖದಲ್ಲಿ ಮಾತ್ರ ಕನ್ನಡ
ಒಂಟಿ ಕೋಣೆಗೆ ಬಾಡಿಗೆ ಬಂದ ದೊಡ್ಡ ಸಂಸಾರ,
ಒತ್ತಕ್ಷರಗಳ ಕಾಲೆಲ್ಲ ಹೊಸ್ತಿಲಾಚೆ.
'ಇಲ್ಲಿ ಒತ್ತಿ' ಎಂದು ಬರೆದದ್ದು
'ಇಲಿ ಒತಿ' ಎಂದು ಮೂಡಿ
ಚಲಪತಿ ನಕ್ಕೂ ನಕ್ಕೂ ಕೀಬೋರ್ಡಿನ ಮೇಲೆ ಟೀ ಚೆಲ್ಲಿದ.

ಆಮೇಲೆ ಮರ್ಯಾದೆಯ ತಕರಾರು.
'ತೊಳೆಯಿರಿ' ಅಂದರೆ ಮುನಿಸಿಪಾಲಿಟಿ ಬೋರ್ಡು.
'ತೊಳಿ' ಅಂದರೆ ಗಂಡ.
'ತೊಳೆಯೋಣವೇ' ಅಂದರೆ ನಂಬುವವರು ಯಾರು?
ಕೊನೆಗೆ ಕ್ರಿಯಾಪದವನ್ನೇ ಕಿತ್ತುಹಾಕಿ
ಬರೀ 'ಸಂಪು' ಎಂದು ಉಳಿಸಿದೆವು.
ಕೆಳಗೊಂದು ಹಸಿರು ಗುಂಡಿ: 'ಆಯ್ತು.'
ಅದರ ತಾವತ್ತು ಒಳಗೆ ಹಿಡಿಸಲು
ಚಲಪತಿಗೆ ಎರಡು ರಾತ್ರಿ ಬೇಕಾಯಿತು.

ಮೊದಲ ಪರೀಕ್ಷೆ ಮುನಿಲಕ್ಷ್ಮಿಯ ಮನೆಯಲ್ಲಿ.
ಅವಳದು ನೂಲು ತೆಗೆಯುವ ಕೆಲಸ,
ಬಿಸಿನೀರಿನ ಬೇಸಿನ್ನಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳ ತುದಿಯೆಲ್ಲ ಬಿಳಿಚಿ ಸುಕ್ಕು.
ಗಡಿಯಾರ ಕಟ್ಟಿದ ಸಂಜೆಯೇ ಬಿಚ್ಚಿ ಕೊಟ್ಟಳು:
'ಆವಿಗೆ ಒಳಗೆಲ್ಲ ಬೆವರ್ತೈತೆ ಮೇಡಮ್,
ನಮ್ಮನೆಯವರ ಕೈಗೆ ಕಟ್ಟಿ.'
ಟಾಟಾ ಏಸ್ ಓಡಿಸುವ ಆಂಜಿನಪ್ಪನ ಕೈಗೆ ಕಟ್ಟಿದೆವು.

ಮೂರು ತಿಂಗಳು.
ಪರದೆಯ ತುಂಬ ಹಸಿರು ಚುಕ್ಕಿ.
ಸಂಪು, ಆಯ್ತು. ಫಿಲ್ಟರ್, ಆಯ್ತು. ಗೀಸರ್, ಆಯ್ತು.
ಒಂದು ಸಲವೂ ತಡವಿಲ್ಲ.
ಚಲಪತಿ ಬೇಕರಿಯಿಂದ ಪಪ್ಸ್ ತರಿಸಿದ.

ನಾನು ನೋಡಿಬರಲು ಹೋದೆ.
ಸಂಪಿನ ಮುಚ್ಚಳ ಸರಿಸಿದರೆ
ತಳದಲ್ಲಿ ನಾಲ್ಕು ಬೆರಳು ಕೆಸರು,
ಹೊಟ್ಟೆ ಮೇಲಾಗಿ ತೇಲುತ್ತಿರುವ ಹಲ್ಲಿ.
ಫಿಲ್ಟರಿನ ಕ್ಯಾಂಡಲ್ ಅಚ್ಚು ಬೆಲ್ಲದ ಬಣ್ಣ.
ಆಂಜಿನಪ್ಪನಿಗೆ ಯಾವ ಗಾಬರಿಯೂ ಇಲ್ಲ.
'ಅದು ಗುರ್ ಅಂತು. ನಾನು ಆಯ್ತು ಅಂದೆ.
ಯಾರಾದ್ರೂ ಏನಾದ್ರೂ ಹೇಳಿದ್ರೆ
ಆಯ್ತು ಅನ್ನಬೇಕಲ್ವಾ ಮೇಡಮ್?'

ಒಗೆಯುವ ಕಲ್ಲಿನ ಮೇಲೆ ಕೂತೆ.
ಮುಗಿದದ್ದಕ್ಕೂ ಆಯ್ತು,
ಇನ್ನೂ ಶುರುವೇ ಆಗದ್ದಕ್ಕೂ ಆಯ್ತು.
ಚೀಟಿ ದುಡ್ಡು ಕೇಳಿದವರಿಗೆ, ಕಿವಿಗಿಟ್ಟ ಫೋನು ಇಳಿಸುವಾಗ,
ಜಗಳ ಸಾಕು ಅನ್ನುವಾಗ, ಎಲ್ಲಕ್ಕೂ.
ಎರಡೇ ಅಕ್ಷರ. ನಾನೇ ಆರಿಸಿದ್ದು.

ಮುನಿಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡು ನಕ್ಕಳು.
'ನಂಗೂ ಹಂಗೇ ಅಂತಾರೆ, ಹನ್ನೊಂದು ವರ್ಷದಿಂದ.
ಮುಂಚೆ ಎಲ್ಲ ನಾನೇ ತೊಳಕೊಂತಿದ್ದೆ.
ಗಡಿಯಾರ ಅವರ ಕೈಗೆ ಹೋಯ್ತಲ್ಲ,
ಕೆಲಸಾನೂ ಅದರ ಜೊತೇಲೇ ಹೋಯ್ತು ಅಂದ್ಕೊಂಡೆ.'
ಯಾರೂ ಮಾತಾಡಲಿಲ್ಲ.
ಪಕ್ಕದ ಮನೆಯ ಮೋಟರು ಓಡಿ ಓಡಿ ನಿಂತಿತು.
ಆಂಜಿನಪ್ಪ ಲುಂಗಿ ಎತ್ತಿ ಕಟ್ಟಿದ,
ಗಡಿಯಾರ ಬಿಚ್ಚಿ ಅವಳ ಕೈಗಿಟ್ಟ,
ತೆಂಗಿನ ನಾರು ಹಿಡಿದು ಸಂಪಿಗಿಳಿದ.
ಅದು ಅವಳ ಒದ್ದೆ ಅಂಗೈಯಲ್ಲಿ ಗುರ್ ಎಂದಿತು.
ಅವಳು ಗುಂಡಿ ಒತ್ತಲಿಲ್ಲ, ಒಳಗೆ ಬಗ್ಗಿ ಕೇಳಿದಳು:
'ಇನ್ನೂ ಎಷ್ಟೈತೆ?'

ರಾತ್ರಿ ಅಟ್ಟದಲ್ಲಿ ಚಲಪತಿಗೆ ಹೇಳಿದೆ,
ಆ ಗುಂಡಿ ತೆಗಿ, ಎರಡು ಬೇಕು,
'ಮಾಡ್ತೀನಿ' ಒಂದು, 'ಮಾಡಿದೆ' ಒಂದು.
'ಜಾಗ ಇಲ್ಲ' ಅಂದ.
ಮಾಡು, ಅಂದೆ. ಭಾನುವಾರದೊಳಗೆ.
ಅವನು ಪರದೆಯಿಂದ ತಲೆ ಎತ್ತದೆ
'ಆಯ್ತು' ಅಂದ.