ಉಪ್ಪುಮೊಸರಿನ ಲೆಕ್ಕ

ಆಗಸ್ಟ್ ಹನ್ನೆರಡು. ಸೋಂಗ್‌ಕೋಲ್ ಸರೋವರದ ದಂಡೆ,
ಮೂರು ಸಾವಿರ ಮೀಟರು ಎತ್ತರ.
ನಾರಿನ್ ಪಟ್ಟಣದ ಶಾಲೆಯಲ್ಲಿ ಭೌತಶಾಸ್ತ್ರ ಹೇಳುವ ನಾನು
ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ
ಒಂದೊಂದು ಕಾಲಿಗೂ ಒಂದೊಂದು ಕಲ್ಲು ಒರಗಿಸಿದೆ.
ಗಾಳಿಗಲ್ಲ, ಕುರಿಗಳಿಗೆ.

ಲೆನ್ಸಿನ ಕೊರಳಿಗೆ ಗಂಡನ ಕಾಲುಚೀಲ,
ಒಳಗೆ ಬಿಸಿ ಉಪ್ಪಿನ ಪೊಟ್ಟಣ: ಇಬ್ಬನಿ ಕೂರಬಾರದು.
ಬ್ಯಾಟರಿ ಎರಡು, ಕಂಕುಳಲ್ಲಿ, ಮೊಟ್ಟೆಗೆ ಕಾವು ಕೊಟ್ಟ ಹಾಗೆ.
ಇಪ್ಪತ್ತು ಸೆಕೆಂಡು ಕಣ್ಣು ತೆರೆ, ಒಂದು ಸೆಕೆಂಡು ಮುಚ್ಚು,
ಮತ್ತೆ ತೆರೆ.
ಬೆಳಗಿನವರೆಗೆ ಅದಕ್ಕೆ ಇಷ್ಟೇ ಕೆಲಸ.
ನನಗೆ ಅದೂ ಇಲ್ಲ.

ಅನಾರ್ಕುಲ್ ಅಜ್ಜಿ ಉಣ್ಣೆಗುಡಾರದಿಂದ ಹೊರಬಂದು
ಕಂಬಳಿ ಹಾಸಿ, ಸರೋವರಕ್ಕೆ ಮುಖ ಮಾಡಿ,
ಮೊಮ್ಮಗ ಬೆಕ್ತುರನನ್ನು ಮಗ್ಗುಲಿಗೆ ಎಳೆದುಕೊಂಡು ಕೂತಳು.
"ಎಷ್ಟು ಬೀಳುತ್ತವೆ?"
ಗಂಟೆಗೆ ಅರವತ್ತು, ಎಪ್ಪತ್ತು, ಅಂದೆ.
"ಎಣಿಸಿದ್ದು ಯಾರು?"
ಉತ್ತರ ಇತ್ತು; ಹೇಳುವಷ್ಟರಲ್ಲಿ ಒಂದು ಬಿತ್ತು,
ಗೀರಿದ ಬೆಂಕಿಕಡ್ಡಿ ಹತ್ತದೆ ಹೋದ ಹಾಗೆ.
"ನನ್ನ ನಕ್ಷತ್ರ ಮೇಲಿದೆ," ಅಂದಳು ತಟಕ್ಕನೆ,
ಆಕಳಿಸಿದವರು ದೇವರ ಹೆಸರು ಹೇಳುವ ಹಾಗೆ.

ಇಲ್ಲಿ ಹಾಗೆ. ತಲೆಗೊಂದು ನಕ್ಷತ್ರ.
ಬಿದ್ದದ್ದು ಯಾರದೋ; ತನ್ನದಲ್ಲ ಎಂದು
ಆಗಿಂದಾಗಲೇ ಬಾಯಿಬಿಟ್ಟು ಹೇಳಿಬಿಡಬೇಕು.
ಮಕ್ಕಳಿಗೆ ನಾನು ಬರೆಸುತ್ತೇನೆ: ಧೂಮಕೇತು ಉದುರಿಸಿಹೋದ ಪುಡಿ,
ಮರಳಿನಷ್ಟು; ವರ್ಷಕ್ಕೊಮ್ಮೆ ಭೂಮಿ ಅದರೊಳಗೆ ಹಾಯುತ್ತದೆ.
ಅಷ್ಟು ಬರೆಸಿದ ಮೇಲೂ
ಕತ್ತಲಲ್ಲಿ ನನ್ನ ತುಟಿ ಅಲ್ಲಾಡಿದ್ದು
ಯಾರಿಗೂ ಕಾಣಲಿಲ್ಲ.

ಲೆಕ್ಕಕ್ಕೆ ಅಜ್ಜಿಯ ಬಳಿ ಕುರುತ್:
ಹಿಂಡಿ, ಉಪ್ಪು ಹಾಕಿ, ಬಿಸಿಲಲ್ಲಿ ಕಲ್ಲಾಗಿಸಿದ ಮೊಸರಿನ ಗೋಲಿ.
ಒಂದು ಬಿದ್ದರೆ ಒಂದು ಗೋಲಿ
ಬಲ ಜೇಬಿನಿಂದ ಎಡ ಜೇಬಿಗೆ.
"ಕುರಿ ಎಣಿಸುವುದೂ ಹೀಗೇ. ಐವತ್ತು ವರ್ಷ, ಒಂದು ತಪ್ಪಿಲ್ಲ."
ಗುಡಾರದ ಒಳಗಿಂದ ಮಗ ತಾಲಾಂತ್ ಕೆಮ್ಮಿದ.

ಆಕಾಶ ತೋರಿಸಿದ್ದು ನಾನಲ್ಲ, ಅವಳು.
ಧ್ರುವ ಅಂತೀಯಲ್ಲ, ಅದು ಕಬ್ಬಿಣದ ಗೂಟ.
ಅದಕ್ಕೆ ಕಟ್ಟಿದ ಎರಡು ಕುದುರೆ, ಒಂದು ಬಿಳಿ, ಒಂದು ಬೂದು,
ಹಗ್ಗ ಸವೆಯುವ ತನಕ ಸುತ್ತುತ್ತವೆ.
ಈ ಬಿಳಿಪಟ್ಟೆ ಹಕ್ಕಿಗಳ ದಾರಿ.
ಉಲ್ಕೆ ಹೊರಡುವ ಜಾಗ ಇದು ಎಂದು ನಾನು
ಪರ್ಸಿಯಸ್ಸಿನ ಹತ್ತಿರ ಬೆರಳು ಮಾಡಿದರೆ
"ಅಲ್ಲೇನೂ ಇಲ್ಲವಲ್ಲ," ಅಂದಳು.
ನಿಜ. ಅಲ್ಲೇನೂ ಇಲ್ಲ. ಬರುವುದೆಲ್ಲ ಅಲ್ಲಿಂದ.

ಎರಡೂವರೆ ಇರಬೇಕು. ಬೂಟಿನ ದಾರ ಕಟ್ಟಲು ಬಾಗಿದ್ದೆ.
ಹುಲ್ಲಿನ ಮೇಲೆ ನನ್ನ ನೆರಳು ಬಂತು.
ಬಂತು, ಉದ್ದವಾಯಿತು, ಬಲಕ್ಕೆ ಓಡಿತು, ಹೋಯಿತು.
ಇನ್ನೂರು ಕುರಿ ಒಟ್ಟಿಗೆ ಎದ್ದು ನಿಂತ ಸದ್ದು.
ತಿರುಗಿದರೆ, ನೀರಿನ ಮೇಲೆ
ಹಸಿರು ಹೊಗೆಯ ಒಂದೇ ಎಳೆ, ನಿಧಾನ ಡೊಂಕಾಗುತ್ತ.
ಕ್ಯಾಮೆರಾದ ಮುಖ ಇತ್ತ ಇರಲಿಲ್ಲ.

ಬೆಳಿಗ್ಗೆ ಒಲೆಗೆ ಬೆರಣಿ, ಬಟ್ಟಲಿಗೆ ಚಹಾ.
ಒಂಬೈನೂರ ನಲವತ್ತಮೂರು ಚಿತ್ರ; ಉಲ್ಕೆ ಸಿಕ್ಕಿದ್ದು ಹನ್ನೊಂದರಲ್ಲಿ.
ಉಳಿದ ಗೆರೆಗಳೆಲ್ಲ ಉಪಗ್ರಹ, ಒಂದು ವಿಮಾನ,
ಒಂದು ಮಿಡತೆ.
ಅಜ್ಜಿಯ ಬಲ ಜೇಬು ಖಾಲಿ. ಎಡದಲ್ಲಿ ನಾಲ್ಕು ಗೋಲಿ.
"ರಾತ್ರಿಯೆಲ್ಲ ನಾಲ್ಕೇ ಬಿದ್ದವೇ?"
ಬೆಕ್ತುರ್ ಎದ್ದು ನೀರು ಕೇಳಿದ.
ಇನ್ನೊಂದು ಬಟ್ಟಲು. ಮತ್ತೂ ಒಂದು.

ಆರುನೂರ ಎಂಬತ್ತೈದನೆಯದರಲ್ಲಿ ಉಲ್ಕೆ ಇಲ್ಲ.
ಗುಡಾರದ ಗೋಡೆ ತೊಳೆದಿಟ್ಟಷ್ಟು ಬೆಳ್ಳಗೆ.
ಕುರಿಗೊಂದು ನೆರಳು.
ಅಂಚಿನಲ್ಲಿ, ಅರ್ಧಕ್ಕೆ ಕತ್ತರಿಸಿದಂತೆ, ಅಜ್ಜಿ,
ಬಾಯಿ ತೆರೆದಿದೆ,
ಅವಳ ಎಡ ಜೇಬಿನೊಳಗೆ
ಮಣಿಕಟ್ಟಿನವರೆಗೆ ಇಳಿದ ಒಂದು ಪುಟ್ಟ ಕೈ.

ಆಗ ಹೇಳಿದೆಯಾ, ಮೇಲಿದೆ ಅಂತ? ಕೇಳಿದೆ.
ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು.
"ಮರೆತೆ," ಅಂದಳು. "ಚೆಂದ ಇತ್ತು."
ಎದ್ದು ಕುರಿ ಎಣಿಸಲು ಹೊರಟಳು,
ನಾಲ್ಕು ಗೋಲಿ ಹಿಡಿದು.