ಒಂದು ಬಡಿದರೆ ಸರಿ

ವಿಮಾನ ಬಂದದ್ದು ಹಡಗಿನಲ್ಲಿ, ಎರಡು ಮರದ ಪೆಟ್ಟಿಗೆಗಳಾಗಿ.
ಕೊಕ್ರಾನೆವರೆಗೆ ಲಾರಿ,
ಅಲ್ಲಿಂದ ಹೊಳೆದಂಡೆಯ ನಮ್ಮ ಮನೆಗೆ ಎತ್ತಿನ ಗಾಡಿ.
ಇಂಜಿನ್ ಇರಲಿಲ್ಲ. ಅದಕ್ಕೆ ಬೇರೆ ದುಡ್ಡು, ಬೇರೆ ವರ್ಷ.
ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಎಲುತೇರಿಯೊ ಮಾವ
ನಕ್ಷೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲಾಳ ಇಟ್ಟ.

ಬಾಲದ ಕೊಳವೆಯೊಳಗೆ ತೂರಿದವಳು ನಾನು.
ಆಗ ಒಂಬತ್ತು ವರ್ಷ.
ಹೊರಗೆ ಅವನ ಸುತ್ತಿಗೆ ಯಂತ್ರ, ಒಳಗೆ ನನ್ನ ಕಬ್ಬಿಣದ ತುಂಡು,
ನಡುವೆ ಉಗುರಿನಷ್ಟು ತೆಳು ತಗಡು.
ಮಾತು ಕೇಳಿಸದು. ಹಾಗಾಗಿ ಬಡಿತದ ಭಾಷೆ:
ಒಂದು ಬಡಿದರೆ ರಿವೆಟ್ ಸರಿ ಕೂತಿದೆ,
ಎರಡಕ್ಕೆ ಇನ್ನೊಮ್ಮೆ ಹೊಡಿ,
ಮೂರಕ್ಕೆ, ಕೆಟ್ಟಿತು, ಕೊರೆದು ಕಿತ್ತುಹಾಕು.
ಮೂರು ಬಡಿದಾಗಲೆಲ್ಲ ತಗಡಿನಾಚೆ
ಅವನು ಉಸಿರು ಬಿಡುವುದು ಗೊತ್ತಾಗುತ್ತಿತ್ತು,
ನೊಗ ಇಳಿಸಿದ ಎತ್ತಿನ ಹಾಗೆ, ಮೂಗಿನಿಂದ.

ಜುಲೈನ ಒಂದು ಸಂಜೆ. ಬೆರಳು ಮರಗಟ್ಟಿದ್ದವು.
ಅಜ್ಜಿ ಕರಿಯುತ್ತಿದ್ದ ಹಿಟ್ಟಿನ ಬಿಲ್ಲೆಗಳ ವಾಸನೆ
ಅಂಗಳ ದಾಟಿ, ಬಾಲ ಹೊಕ್ಕು, ನನ್ನನ್ನೇ ಹುಡುಕಿ ಬಂತು.
ಆ ಹೊತ್ತಿಗೇ ಒಂದು ರಿವೆಟ್ಟಿನ ತಲೆ ಸೊಟ್ಟಗಾಯಿತು.
ಮೂರು ಬಡಿಯಬೇಕಿತ್ತು.
ಒಂದು ಬಡಿದೆ.

ಎಡಗಡೆ, ಹಿಂದಿನಿಂದ ಮೂರನೆಯ ಪಕ್ಕೆ, ಮೇಲಿನಿಂದ ಹದಿನಾಲ್ಕನೆಯದು.

ತಪಾಸಣೆಗೆ ಬಂದ ಒರೋಸ್ತೆಗಿ ಸಾಹೇಬರು
ಕುರಿ ತೂಗುವ ತಕ್ಕಡಿಗಳ ಮೇಲೆ ಚಕ್ರ ನಿಲ್ಲಿಸಿದರು,
ಕನ್ನಡಕ ಒರೆಸಿದರು, ಟಾರ್ಚು ಬಿಟ್ಟರು,
ಮಾಟೆ ಕಷಾಯ ಎರಡು ಸಲ ಕೇಳಿ ಕುಡಿದರು.
"ಬಾಲ ಭಾರವಿಲ್ಲ" ಅಂದರು.
ಭಾರ ನನ್ನ ಹೊಟ್ಟೆಯಲ್ಲಿತ್ತು.

ಆಮೇಲೆ ಅದು ಹೊತ್ತದ್ದೇನು ಕಡಿಮೆಯೆ.
ಗ್ಯಾಸ್ ಸಿಲಿಂಡರು, ಈರುಳ್ಳಿ ಮೂಟೆ, ಶಾಲೆಗೆ ಒಲೆಯ ಕೊಳವೆ,
ಕಾಲು ಮುರಿದ ನಾಯಿ,
ಹೆರಿಗೆ ನೋವಿನಲ್ಲಿ ದಾರಿಯುದ್ದಕ್ಕೂ
ಮಾವನ ಏಳು ತಲೆಮಾರಿಗೂ ಬೈದ ಮಾಕರೇನಾ.
ನೂರು ಮಾರು ಬೆಣಚುಕಲ್ಲಿನ ದಂಡೆ ಸಾಕು ಅದಕ್ಕೆ,
ಎದುರುಗಾಳಿಯಿದ್ದರೆ ಅಷ್ಟೂ ಬೇಡ.
ಅದು ನೆಲ ಬಿಡುವಾಗ ನಾನು ಎಣಿಸುತ್ತಿದ್ದೆ.
ಹದಿನಾಲ್ಕಕ್ಕೆ ಬಂದು ನಿಲ್ಲುತ್ತಿದ್ದೆ.

ಮೊನ್ನೆ ಮಾವ ಪೇಟೆಗೆ ಹೋಗಿದ್ದ.
ಹಿಂದಿನ ಸೀಟು ಬಿಚ್ಚಿದೆ. ಈಗಿನ ಭುಜ ಹಿಡಿಸದು;
ಕೋಲಿನ ತುದಿಗೆ ಕನ್ನಡಿ ಕಟ್ಟಿ ಒಳಗೆ ಬಿಟ್ಟೆ.
ಹನ್ನೆರಡು. ಹದಿಮೂರು.
ಹದಿನಾಲ್ಕನೆಯದು ಒಂದು ಅಳತೆ ದಪ್ಪ,
ತಲೆ ನೆಟ್ಟಗೆ,
ಸುತ್ತ ಕೊರೆದ ಗೀರು, ಅದರ ಮೇಲೆ ಹಳೆಯ ಧೂಳು.

ಲೆಕ್ಕದ ಪುಸ್ತಕ ತಿರುವಿದೆ. ತಾರೀಖು ಇಲ್ಲ.
ಸೊಟ್ಟ ರಿವೆಟ್ಟಿನ ಸದ್ದೇ ಹೊರಗೆ ಬೇರೆಯೇನೋ.
ಆದರೆ ಒಳಗೆ ಕಬ್ಬಿಣ ಹಿಡಿದವರು ಯಾರು?
ನನ್ನನ್ನು ಬಿಟ್ಟರೆ ಆ ಕೊಳವೆಯಲ್ಲಿ ತೂರುವಷ್ಟು ಸಣ್ಣಾಳು
ನಮ್ಮ ಮನೆಯಲ್ಲಿ ಇನ್ನೊಬ್ಬಳೇ.

ಎಪ್ಪತ್ತೊಂದು ಆಗ ಅಜ್ಜಿಗೆ.
ಆ ಜುಲೈನಲ್ಲಿ ವಾರವಿಡೀ ಸೊಂಟ ಹಿಡಿದಿದೆಯೆಂದು
ನನ್ನ ಕೈಯಿಂದಲೇ
ಕುರಿಯ ಕೊಬ್ಬು ತಿಕ್ಕಿಸಿಕೊಂಡಿದ್ದಳು.